ದಯೆಯೂ ಅರಿವೂ

ದಯೆಯು ಸದ್ಗುಣಗಳಲ್ಲಿ ಹಿರಿದೆಂಬುದನ್ನು ಅಲ್ಲಗಳೆಯುವವರಿಲ್ಲ. ಮನಸ್ಸು ನಿರ್ಮಲವಾಗಿದ್ದು, ಪರರ ನೋವನ್ನು ನೀಗಬೇಕೆಂಬ ಹಂಬಲದಿಂದ ಮಾಡಿದ ಕಾರ್ಯವು ಒಳ್ಳೆಯದೇ ಆಗಿರುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ ದಯೆಯಿಂದಲೇ ಮಾಡಿದ ಕಾರ್ಯವೊಂದು ಒಂದು ಜೀವಕುಲದ ವಿನಾಶಕ್ಕೆ ಕಾರಣವಾದರೆ? ಆಗ ತಪ್ಪು ಯಾರದು? ಸದುದ್ದೇಶವೊಂದೇ ನಮ್ಮನ್ನು ಹೊಣೆಯಿಂದ ಪಾರುಮಾಡಬಲ್ಲುದೆ? ಇದು ತರ್ಕಕ್ಕಾಗಿ ಕಲ್ಪಿಸಿಕೊಂಡ ಪ್ರಶ್ನೆಯಲ್ಲ. ನಮ್ಮ ದೇಶದಲ್ಲಿಯೇ, ನಮ್ಮ ಕಣ್ಣೆದುರಿಗೇ ನಡೆದ ರಣಹದ್ದುಗಳ ಕಥೆಯು ಈ ಪ್ರಶ್ನೆಯನ್ನು ನಮ್ಮ ಮುಂದಿರಿಸಿದೆ.

ರಣಹದ್ದೆಂದೊಡನೆ ವಾಚಕರಲ್ಲಿ ಕೆಲವರಾದರೂ ಮುಖ ಸಿಂಡರಿಸಿಯಾರು. ಗಿಳಿ, ಕೋಗಿಲೆ, ನವಿಲುಗಳಿಗೆ ನಮ್ಮ ಕಾವ್ಯಗಳಲ್ಲಿ ಸ್ಥಾನವುಂಟು. ಹೆಣವನ್ನು ತಿನ್ನುವ ಈ ಬೋಳುಗೊರಳಿನ ಹಕ್ಕಿಗೆ ಅಪಶಕುನದ ಹೆಸರುಂಟು. ಜಟಾಯುವನ್ನು ಭಕ್ತಿಯಿಂದ ನೆನೆಯುವ ಜನರೇ ಅವನ ಕುಲದ ಹಕ್ಕಿ ಮಾಳಿಗೆಯ ಮೇಲೆ ಕುಳಿತರೆ ಶಾಂತಿ ಮಾಡಿಸುತ್ತಾರೆ. ಆದರೆ ಊರ ಹೊರಗೆ ಎಸೆದ ಸತ್ತ ದನವನ್ನು ಅಲ್ಪ ಕಾಲದಲ್ಲಿ ಎಲುಬಿನ ಹಂದರವನ್ನಷ್ಟೇ ಉಳಿಸಿ ಶುಚಿಗೊಳಿಸುತ್ತಿದ್ದವರು ಯಾರು? ಈ ಹಕ್ಕಿಗಳೇ. ಕೊಳೆತ ಮಾಂಸದಲ್ಲಿನ ಅನೇಕ ರೋಗಾಣುಗಳನ್ನು ನಾಶಮಾಡುವಷ್ಟು ತೀಕ್ಷ್ಣವಾದ ಜಠರಾಮ್ಲವನ್ನು ಪ್ರಕೃತಿ ಅವುಗಳಿಗೆ ಕೊಟ್ಟಿದೆ. ಕೂಲಿ ಕೇಳದೆ, ಕೃತಜ್ಞತೆಯನ್ನೂ ಬಯಸದೆ ಅವು ಊರಿನ ಆರೋಗ್ಯವನ್ನು ಕಾಯುತ್ತಿದ್ದವು.

ಇಂತಹ ಹಕ್ಕಿಗಳು ೧೯೯೦ರ ದಶಕದಲ್ಲಿ ಆಕಾಶದಿಂದ ಮರೆಯಾಗತೊಡಗಿದವು. ರಾಜಸ್ಥಾನದ ಭರತಪುರದ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶರು ೧೯೮೦ರ ದಶಕದಲ್ಲಿಯೇ ಇವುಗಳ ಗೂಡುಗಳನ್ನು ಎಣಿಸಿಟ್ಟಿದ್ದರು. ಹತ್ತು ವರ್ಷಗಳ ತರುವಾಯ ಎಣಿಸಿದಾಗ ಗೂಡುಗಳು ಬರಿದಾಗುತ್ತಿದ್ದವು. ಮರಗಳ ಮೇಲೆ ಹಕ್ಕಿಗಳು ಕತ್ತು ಜೋತುಬಿಟ್ಟು ಕುಳಿತಿದ್ದು, ಕಡೆಗೆ ಸತ್ತು ಕೆಳಗೆ ಬೀಳುತ್ತಿದ್ದವು. ಈ ಸಂಗತಿಯನ್ನು ಅವರು ೧೯೯೯ರಲ್ಲಿ ಪ್ರಕಟಿಸಿದರು. ಮುಂದೆ ನಡೆದ ಗಣತಿಗಳ ಪ್ರಕಾರ, ೧೯೯೨ರಿಂದ ೨೦೦೭ರವರೆಗಿನ ಅವಧಿಯಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇಕಡಾ ೯೯.೯ರಷ್ಟು ಅಳಿದವು. ಸಾವಿರ ಹಕ್ಕಿಗಳಿದ್ದಲ್ಲಿ ಒಂದು ಉಳಿಯಿತು. ಉದ್ದಕೊಕ್ಕಿನ ಮತ್ತು ತೆಳುಕೊಕ್ಕಿನ ರಣಹದ್ದುಗಳು ಶೇಕಡಾ ೯೭ರಷ್ಟು ಇಲ್ಲವಾದವು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ, ಪ್ರಾಯಕ್ಕೆ ಬರಲು ಸುಮಾರು ಐದು ವರ್ಷ ತೆಗೆದುಕೊಳ್ಳುವ ಹಕ್ಕಿಗೆ ಈ ನಷ್ಟವನ್ನು ತುಂಬಿಕೊಳ್ಳುವುದು ಸುಲಭವಲ್ಲ.

ಕಾರಣವೇನು? ಮೊದಲು ಸಾಂಕ್ರಾಮಿಕ ರೋಗವಿರಬಹುದೆಂದು ಊಹಿಸಲಾಯಿತು. ಅಮೆರಿಕದ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು ಪಾಕಿಸ್ತಾನದ ಪಂಜಾಬಿನಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿದಾಗ, ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಬಿಳಿಯ ಪದರ ಕಂಡಿತು. ಮೂತ್ರಪಿಂಡಗಳು ಕೆಟ್ಟುಹೋಗಿದ್ದುದರ ಗುರುತು ಅದು. ರೋಗಾಣುಗಳಿಗಾಗಿ ಹುಡುಕಿದರು, ಇರಲಿಲ್ಲ. ಕೀಟನಾಶಕಗಳಿಗಾಗಿ, ವಿಷಲೋಹಗಳಿಗಾಗಿ ಹುಡುಕಿದರು, ಅವೂ ಕಾರಣವಲ್ಲವೆಂದು ತಿಳಿಯಿತು. ಆಗ ಅವರು ಹದ್ದಿನ ಆಹಾರದ ಕಡೆಗೆ ತಿರುಗಿ, ಜಾನುವಾರುಗಳಿಗೆ ಯಾವ ಔಷಧಗಳನ್ನು ಕೊಡುತ್ತಿದ್ದಾರೆಂದು ಪಶುವೈದ್ಯರನ್ನೂ ಔಷಧದಂಗಡಿಯವರನ್ನೂ ವಿಚಾರಿಸಿದರು. ದೊರೆತ ಉತ್ತರ ಡೈಕ್ಲೋಫೆನಾಕ್ ಎಂಬ ನೋವುನಿವಾರಕ. ಮೂತ್ರಪಿಂಡ ಕೆಟ್ಟು ಸತ್ತಿದ್ದ ೨೫ ಹದ್ದುಗಳನ್ನು ಪರೀಕ್ಷಿಸಿದಾಗ ೨೫ರಲ್ಲಿಯೂ ಅದು ಸಿಕ್ಕಿತು. ಬೇರೆ ಕಾರಣಗಳಿಂದ ಸತ್ತಿದ್ದ ೧೩ರಲ್ಲಿ ಒಂದರಲ್ಲಿಯೂ ಸಿಗಲಿಲ್ಲ. ೨೦೦೪ರಲ್ಲಿ ಈ ಫಲಿತಾಂಶವು ಪ್ರಕಟವಾಯಿತು. ಸತ್ತ ದನಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ದೇಹಗಳಲ್ಲಿ ಮಾರಕ ಪ್ರಮಾಣದ ಔಷಧವಿದ್ದರೂ ಹದ್ದುಗಳ ಕುಲ ಈ ವೇಗದಲ್ಲಿ ಅಳಿಯಬಲ್ಲುದೆಂದು ಲೆಕ್ಕಾಚಾರಗಳು ತೋರಿಸಿದವು. ಒಂದು ಹೆಣಕ್ಕೆ ಹತ್ತಾರು ಹದ್ದುಗಳು ಒಟ್ಟಾಗಿ ಎರಗುವುದೇ ಇದಕ್ಕೆ ಕಾರಣ.

ಈಗ ನಮ್ಮ ಪ್ರಶ್ನೆಗೆ ಬರೋಣ. ಕುಂಟುವ ಎತ್ತಿನ ನೋವನ್ನು, ಕೆಚ್ಚಲು ಬಾವಿನಿಂದ ಬಳಲುವ ಹಸುವಿನ ಸಂಕಟವನ್ನು ನೋಡಲಾರದೆ ರೈತನು ಪಶುವೈದ್ಯನನ್ನು ಕರೆತಂದನು. ವೈದ್ಯನು ಅಗ್ಗವೂ ಪರಿಣಾಮಕಾರಿಯೂ ಆದ ಚುಚ್ಚುಮದ್ದನ್ನು ಕೊಟ್ಟನು. ಇಬ್ಬರಲ್ಲಿಯೂ ಕ್ರೌರ್ಯವಿರಲಿಲ್ಲ, ಇದ್ದುದು ಮೂಕಪ್ರಾಣಿಯ ಮೇಲಣ ಕರುಣೆ. ಆ ಪ್ರಾಣಿ ಮುಂದೆ ಸತ್ತಿತು, ಅದರ ದೇಹದೊಡನೆ ಆ ಕರುಣೆಯೇ ವಿಷವಾಗಿ ಹದ್ದಿನ ಹೊಟ್ಟೆಯನ್ನು ಸೇರಿತು. ೨೦೦೪ಕ್ಕೆ ಮೊದಲು ಇದನ್ನು ಮಾಡಿದವರನ್ನು ಪಾಪಿಗಳೆನ್ನುವುದು ನ್ಯಾಯವಲ್ಲ. ತಿಳಿಯದುದಕ್ಕೆ ಮನುಷ್ಯನು ದುಃಖಿಸಬಹುದು, ಅಪರಾಧಿಯಾಗಲಾರನು. ಆದರೆ ತಿಳಿದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. ಭಾರತ ಸರ್ಕಾರವು ೨೦೦೬ರಲ್ಲಿ ಪಶುಚಿಕಿತ್ಸೆಯಲ್ಲಿ ಈ ಔಷಧವನ್ನು ನಿಲ್ಲಿಸಲು ಆಜ್ಞೆ ಮಾಡಿತು. ಆ ಬಳಿಕವೂ ಮನುಷ್ಯರ ಬಳಕೆಗೆಂದು ತಯಾರಾದ ದೊಡ್ಡ ಸೀಸೆಗಳನ್ನು ಕದ್ದುಮುಚ್ಚಿ ದನಗಳಿಗೆ ಬಳಸಿದವರುಂಟು. ಆದುದರಿಂದಲೇ ೨೦೧೫ರಲ್ಲಿ ಸೀಸೆಯ ಗಾತ್ರವನ್ನು ೩ ಮಿಲಿಲೀಟರಿಗೆ ಇಳಿಸಬೇಕಾಯಿತು. ಇಲ್ಲಿ ಅಜ್ಞಾನದ ರಕ್ಷೆಯಿಲ್ಲ. ತಿಳಿಯದಿರುವುದು ಬೇರೆ, ತಿಳಿಯಲೊಲ್ಲದಿರುವುದು ಬೇರೆ.

ಹಾಗಾದರೆ ಹದ್ದಿಗಾಗಿ ಹಸುವು ನರಳಬೇಕೆ ಎಂದು ವಾಚಕರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆಯಿದು. ಒಂದು ಜೀವದ ಮೇಲಣ ದಯೆ ಇನ್ನೊಂದರ ಮೇಲಣ ನಿರ್ದಯೆಯಾಗುವುದಾದರೆ ಧರ್ಮಸಂಕಟವೇ ಸರಿ. ಆದರೆ ಈ ಸಂಕಟದಿಂದ ಹೊರಬರುವ ದಾರಿಯನ್ನು ಸಂಶೋಧನೆಯೇ ತೋರಿಸಿತು. ಮೆಲಾಕ್ಸಿಕಮ್ ಎಂಬ ಮತ್ತೊಂದು ನೋವುನಿವಾರಕವು ಹಸುವಿಗೂ ಹಿತ, ಹದ್ದಿಗೂ ನಿರಪಾಯಕಾರಿ ಎಂಬುದು ೨೦೦೬ರ ಹೊತ್ತಿಗೆ ಪ್ರಯೋಗಗಳಿಂದ ಖಚಿತವಾಯಿತು. ಅರಿವು ದಯೆಯನ್ನು ಕುಗ್ಗಿಸಲಿಲ್ಲ, ಅದರ ಕೈಯನ್ನು ಉದ್ದಮಾಡಿತು.

ಈ ಸಂಶೋಧನೆಯಲ್ಲಿಯೂ ನೋವಿನ ಅಂಶವೊಂದಿದೆ; ಅದನ್ನು ಮುಚ್ಚಿಡುವುದು ಸತ್ಯಕ್ಕೆ ಒಪ್ಪುವುದಲ್ಲ. ಡೈಕ್ಲೋಫೆನಾಕ್ ಮಾರಕವೆಂದು ಸಿದ್ಧಪಡಿಸಲು, ಮರಳಿ ಬಿಡಲಾಗದ ಕೆಲವು ಬಂಧಿತ ಹದ್ದುಗಳಿಗೆ ಅದನ್ನು ಕೊಡಲಾಯಿತು, ಅವುಗಳಲ್ಲಿ ಕೆಲವು ಸತ್ತವು. ಹಲವನ್ನು ಉಳಿಸಲು ಕೆಲವನ್ನು ಕೊಲ್ಲಬಹುದೆ? ಸಂಖ್ಯೆಯ ಲೆಕ್ಕವೊಂದರಿಂದಲೇ ಇದಕ್ಕೆ ಉತ್ತರ ಕೊಡುವುದು ಅಪಾಯಕರ, ಏಕೆಂದರೆ ಆ ಲೆಕ್ಕದಿಂದ ಯಾವ ಕ್ರೌರ್ಯವನ್ನಾದರೂ ಸಮರ್ಥಿಸಬಹುದು. ಬೇರೆ ದಾರಿಯಿಲ್ಲದಾಗ, ಅತ್ಯಲ್ಪ ಸಂಖ್ಯೆಯಲ್ಲಿ, ಆ ಕುಲದ ಉಳಿವಿಗಾಗಿಯೇ ಮಾಡಿದ ಪ್ರಯೋಗವೆಂದು ಅದನ್ನು ಒಪ್ಪಬಹುದು. ಒಪ್ಪುವಾಗಲೂ ಆ ಹಕ್ಕಿಗಳ ಋಣವು ನಮ್ಮ ಮೇಲಿದೆಯೆಂಬುದನ್ನು ಮರೆಯಲಾಗದು.

ಹದ್ದುಗಳಿಲ್ಲದೆ ಉಳಿದ ಹೆಣಗಳು ಊರುಗಳಲ್ಲಿ ಬೀದಿನಾಯಿಗಳಿಗೆ ಆಹಾರವಾದವು, ನೀರನ್ನು ಕೆಡಿಸಿದವು. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರ್ಯಾಂಕ್ ಮತ್ತು ಅನಂತ ಸುದರ್ಶನ್ ಅವರು ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನವು, ೨೦೦೦ದಿಂದ ೨೦೦೫ರ ಅವಧಿಯಲ್ಲಿ ಹದ್ದುಗಳ ಅಭಾವದಿಂದ ಸುಮಾರು ೫ ಲಕ್ಷ ಜನರು ಹೆಚ್ಚಾಗಿ ಸತ್ತರೆಂದು ಅಂದಾಜು ಮಾಡಿದೆ. ಶವವನ್ನು ಹದ್ದುಗಳಿಗೆ ಅರ್ಪಿಸುವ ಪಾರಸಿಗಳ ಪ್ರಾಚೀನ ಸಂಪ್ರದಾಯವೂ ಮುಂಬಯಿಯಲ್ಲಿ ಕಷ್ಟಕ್ಕೆ ಸಿಲುಕಿತು. ನಾವು ಹೇಸಿದ ಹಕ್ಕಿ ನಮ್ಮನ್ನು ಎಷ್ಟು ಹೊತ್ತಿತ್ತೆಂಬುದು ಅದು ಹೋದ ಮೇಲೆ ತಿಳಿಯಿತು. ಆದರೂ ಉಪಯೋಗವಿದೆಯೆಂದು ಮಾತ್ರ ಅದನ್ನು ಉಳಿಸುವುದಾದರೆ ಅದು ವ್ಯಾಪಾರವಾದೀತು. ನಮಗೆ ಉಪಯೋಗವಿರಲಿ ಇಲ್ಲದಿರಲಿ, ಬದುಕುವ ಹಕ್ಕು ಅದಕ್ಕೆ ನಮ್ಮಿಂದ ಬಂದುದಲ್ಲ.

ಹರಿಯಾಣದ ಪಿಂಜೋರಿನಲ್ಲಿ ಈ ಹಕ್ಕಿಗಳನ್ನು ಸಾಕಿ ಸಂತತಿ ಬೆಳೆಸುವ ಕಾರ್ಯ ನಡೆದಿದೆ. ನಮ್ಮ ನಾಡಿನಲ್ಲಿ ರಾಮನಗರದ ಬಳಿಯ ರಾಮದೇವರ ಬೆಟ್ಟವನ್ನು ೨೦೧೨ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು; ಅಲ್ಲಿನ ಬಂಡೆಗಳ ಮೇಲೆ ಈಗ ಕಾಣಸಿಗುವ ಉದ್ದಕೊಕ್ಕಿನ ಹದ್ದುಗಳು ಕೆಲವೇ. ಹದ್ದುಗಳಿಗೆ ಮಾರಕವಾದ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ಔಷಧಗಳನ್ನೂ ೨೦೨೩ರಲ್ಲಿ ಪಶುಚಿಕಿತ್ಸೆಯಿಂದ ನಿಷೇಧಿಸಲಾಗಿದೆ. ಆದರೆ ಆಜ್ಞೆಯು ಹಟ್ಟಿಯ ಬಾಗಿಲವರೆಗೆ ಮಾತ್ರ ಬರಬಲ್ಲುದು. ಒಳಗೆ ಬರಬೇಕಾದುದು ನಮ್ಮ ವಿವೇಕ. ಮನೆಯಲ್ಲಿ ಹಸು ಎತ್ತುಗಳಿರುವ ವಾಚಕರು ಮುಂದಿನ ಸಲ ಪಶುವೈದ್ಯರು ಬಂದಾಗ, ಕೊಡುತ್ತಿರುವ ಮದ್ದಿನ ಹೆಸರೇನು, ಅದು ಹದ್ದಿಗೆ ನಿರಪಾಯವೇ ಎಂದು ವಿನಯದಿಂದ ಕೇಳಲಿ. ತನ್ನ ಹಸುವಿನ ನೋವಿಗೆ ಮರುಗುವವನು, ತಾನು ಎಂದೂ ಕಾಣದ ಹಕ್ಕಿಯ ಸಾವಿಗೂ ಮರುಗಬಲ್ಲನಾದರೆ, ಆಗ ಅವನ ದಯೆಯು ಪೂರ್ಣವಾಯಿತೆನ್ನಬಹುದು.