ಸ್ಕೋರ್ ಪುಸ್ತಕದಲ್ಲಿ ಇಲ್ಲದ ಹೆಸರು

ಬೇಸಿಗೆ ರಜೆ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಊರುಗಳಲ್ಲಿ ಕರೆಂಟ್ ಕಂಬಕ್ಕೂ ಹಾಲಿನ ಡೇರಿಯ ಗೋಡೆಗೂ ಕರಪತ್ರಗಳು ಅಂಟಿಕೊಳ್ಳುತ್ತವೆ. ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿ. ಮೊದಲ ಬಹುಮಾನ ಇಷ್ಟು, ಎರಡನೆಯದು ಇಷ್ಟು, ಪ್ರವೇಶ ಶುಲ್ಕ ಇಷ್ಟು. ಮೇಲೆ ದಾನಿಗಳ ಫೋಟೊ. ಎಲ್ಲಕ್ಕೂ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: 'ಆಧಾರ್ ಕಾರ್ಡ್ ಕಡ್ಡಾಯ'. ಟೀಮಿನ ಹನ್ನೊಂದು ಜನವೂ ಅದೇ ಊರಿನವರು, ಇಲ್ಲವೇ ಅದೇ ಪಂಚಾಯ್ತಿಯವರು ಆಗಿರಬೇಕು ಎಂಬುದು ಆ ಸಾಲಿನ ಅರ್ಥ. ಈ ಒಂದು ಸಾಲಿನ ಸುತ್ತ ನಾನು ಎಷ್ಟೋ ವರ್ಷಗಳಿಂದ ಸುತ್ತುತ್ತಿದ್ದೇನೆ. ಯಾಕೆಂದರೆ ಅದನ್ನು ಮುರಿದ ಒಂದು ಟೀಮಿನ ಸ್ಕೋರ್ ಬರೆದವನು ನಾನು.

2017ರ ಬೇಸಿಗೆ ಅದು. ಬರದ ಮೇಲೆ ಬರ ಬಿದ್ದು ತೆಂಗಿನ ಗರಿಗಳೆಲ್ಲ ಜೋತುಬಿದ್ದಿದ್ದವು. ಕೆರೆ ಒಣಗಿದ್ದರಿಂದ ಕೆರೆಯಂಗಳವೇ ನಮ್ಮ ಮೈದಾನ. ಸುಣ್ಣದಲ್ಲಿ ಬೌಂಡರಿ ಗೆರೆ. ಏರಿಯ ಮೇಲೆ ಮೈಕು. ಒಂದು ಕಡೆ ತೋಟ. ಬಾಲು ಮರಕ್ಕೆ ತಗುಲಿದರೆ ಎರಡು ರನ್ನು, ಸೀದಾ ತೋಟದೊಳಗೆ ಬಿದ್ದರೆ ನಾಲ್ಕು ಎಂಬುದು ನಮ್ಮದೇ ಕಾನೂನು. ನನಗೆ ಆಟ ಅಷ್ಟಕ್ಕಷ್ಟೇ. ಕೈಬರಹ ಚೆನ್ನಾಗಿದೆ ಎಂದು ಸ್ಕೋರ್ ಪುಸ್ತಕ ಕೊಟ್ಟಿದ್ದರು.

ನನ್ನ ಹಾಸ್ಟೆಲ್ ಗೆಳೆಯನೊಬ್ಬ ಚಿಕ್ಕನಾಯಕನಹಳ್ಳಿ ಕಡೆಯವನು. ಎಡಗೈ ಬ್ಯಾಟ್ಸ್‌ಮನ್, ಅಂತರ ಕಾಲೇಜು ಪಂದ್ಯಗಳಲ್ಲಿ ಆಡಿದವನು. ಆಟಕ್ಕೆಂದೇ ಅವನನ್ನು ಕರೆಸಿದೆವು. ಒಂಬತ್ತು ದಿನ ನಮ್ಮ ಮನೆಯಲ್ಲಿದ್ದ. ಮುದ್ದೆ ಉಂಡ, ಅಪ್ಪನ ಜೊತೆ ಅಟ್ಟಕ್ಕೆ ಕಾಯಿ ಏರಿಸಿದ, ಅಮ್ಮನಿಗೆ ನನಗಿಂತ ಹತ್ತಿರದವನಾದ. ಅವನ ಆಧಾರ್ ಕಾರ್ಡು ಬೇರೆ ತಾಲ್ಲೂಕಿನದಾದ್ದರಿಂದ ಬೆಂಗಳೂರಲ್ಲಿ ಕಾರು ಓಡಿಸುವ ನಮ್ಮ ದೊಡ್ಡಪ್ಪನ ಮಗನ ಕಾರ್ಡಿನ ಜೆರಾಕ್ಸ್ ಕೊಟ್ಟೆವು. ಆಧಾರ್ ಫೋಟೊ ಯಾರಿಗೆ ತಾನೇ ಹೋಲುತ್ತದೆ? ಯಾರೂ ಕೇಳಲಿಲ್ಲ. ಎದುರು ಟೀಮಿನಲ್ಲೂ ಅಂಥ ಇಬ್ಬರಿದ್ದರು. ಅದು ನಮಗೂ ಗೊತ್ತು, ನಮ್ಮದು ಅವರಿಗೂ ಗೊತ್ತು.

ಎಂಟು ಓವರಿನ ಫೈನಲ್‌ನಲ್ಲಿ ಅವನು 41 ಹೊಡೆದ. ಆ 41ನ್ನೂ ನಾನು ನಮ್ಮಣ್ಣನ ಹೆಸರಿನ ಮುಂದೆ ಬರೆದೆ. ಗೆದ್ದೆವು. ಮೈಕಿನಲ್ಲಿ ಪಂದ್ಯಶ್ರೇಷ್ಠ ಎಂದು ನಮ್ಮಣ್ಣನ ಹೆಸರನ್ನು ಮೂರು ಸಲ ಕೂಗಿದರು. ಏರಿಯ ಮೇಲೆ ಕೂತಿದ್ದ ದೊಡ್ಡಮ್ಮ ಮೊದಲು ನಕ್ಕರು. ಆಮೇಲೆ ಮನೆಗೆ ನಡೆಯುವಾಗ, "ಅಲ್ಲ ಕಣೋ, ನನ್ ಮಗನ ಹೆಸ್ರು ಅಷ್ಟು ಸಲ ಕೂಗಿದ್ರು, ಪಾಪ ಅವನಿಗೆ ಗೊತ್ತೇ ಇಲ್ವಲ್ಲ" ಎಂದರು. ರಾತ್ರಿ ಅಣ್ಣ ಫೋನು ಮಾಡಿದ. ವಿಷಯ ಅವನಿಗಾಗಲೇ ಮುಟ್ಟಿತ್ತು. "ಮತ್ತೆ, ನಾನು ಎಷ್ಟು ಹೊಡೆದೆ?" ಎಂದು ಕೇಳಿದ. ಇಬ್ಬರೂ ನಕ್ಕೆವು.

ಇದರಲ್ಲಿ ತಪ್ಪೇನಾಯಿತು?

ಮೋಸದ ಬಗ್ಗೆ ಯೋಚಿಸುವಾಗ ನಾವು ಸಾಮಾನ್ಯವಾಗಿ ಎದುರಾಳಿಯನ್ನು ನೆನೆಯುತ್ತೇವೆ. ಆಟದಲ್ಲಿ ಅನ್ಯಾಯವೆಂದರೆ ಸೋತವನಿಗೆ ಆದ ಅನ್ಯಾಯ. ಆ ಲೆಕ್ಕದಲ್ಲಿ ನಮ್ಮ ತಪ್ಪು ಹೆಚ್ಚುಕಡಿಮೆ ಸೊನ್ನೆ. ಅವರಲ್ಲಿ ಇಬ್ಬರು, ನಮ್ಮಲ್ಲಿ ಒಬ್ಬ. ಡಚ್ ಚಿಂತಕ ಯೋಹಾನ್ ಹೈಜಿಂಗಾ 1938ರಲ್ಲಿ ಪ್ರಕಟವಾದ 'ಹೋಮೋ ಲುಡೆನ್ಸ್' ಪುಸ್ತಕದಲ್ಲಿ ಮೋಸಗಾರನನ್ನೂ ಆಟಗೆಡುಕನನ್ನೂ ಬೇರೆಬೇರೆಯಾಗಿ ನೋಡುತ್ತಾನೆ. ಮೋಸಗಾರ ಆಟವನ್ನು ಒಪ್ಪಿದಂತೆ ನಟಿಸುತ್ತಾನೆ, ಹಾಗಾಗಿ ಆಟದ ವೃತ್ತ ಉಳಿಯುತ್ತದೆ. ಆಟಗೆಡುಕ ವೃತ್ತವನ್ನೇ ಒಡೆಯುತ್ತಾನೆ, ಆದ್ದರಿಂದ ಜನ ಅವನನ್ನು ಹೆಚ್ಚು ದ್ವೇಷಿಸುತ್ತಾರೆ. ಅಂದು ಯಾರಾದರೂ ಎದ್ದು 'ಇವನು ಈ ಊರಿನವನಲ್ಲ' ಎಂದಿದ್ದರೆ ಕೆರೆಯಂಗಳದಲ್ಲಿದ್ದವರೆಲ್ಲ ಅವನ ಮೇಲೆ ರೇಗುತ್ತಿದ್ದರು. ಆಟ ಸಾಂಗವಾಗಿ ಮುಗಿಯಲೆಂದು ಎರಡೂ ಟೀಮಿನವರು ಸೇರಿ ಸುಳ್ಳನ್ನು ಕಾಪಾಡಿದೆವು.

ಹಾಗಾದರೆ ನಿಯಮವೇ ಸಣ್ಣತನದ್ದೇ? ಹೊರಗಿನವನು ಊರಿಗಾಗಿ ಆಡಬಾರದು ಎಂಬುದಕ್ಕೆ ಏನು ಆಧಾರ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ಎಂಬ ಕಡಲತೀರದ ಊರುಗಳಲ್ಲಿ ಪ್ರತಿ ಬೇಸಿಗೆ ಒಂದು ಬೇಸ್‌ಬಾಲ್ ಲೀಗ್ ನಡೆಯುತ್ತದೆ. ಹತ್ತು ಟೀಮು, ಎಲ್ಲ ಊರಿನ ಹೆಸರಿನವು. ಆಡುವವರು ದೇಶದ ಬೇರೆಬೇರೆ ಕಾಲೇಜುಗಳಿಂದ ಬಂದ ಹುಡುಗರು. ಕಾಲೇಜಿನಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದವರಿಗೆ ಇಲ್ಲಿ 1985ರಿಂದ ಮರದ ಬ್ಯಾಟೇ ಕಡ್ಡಾಯ. ಆಟಕ್ಕೆ ಸಂಬಳವಿಲ್ಲ. ವೃತ್ತಿಪರ ಟೀಮುಗಳ ಕಣ್ಣಿಗೆ ಬೀಳುವ ಆಸೆ ಇದೆ, ಅಷ್ಟೆ. ಅವರು ಉಳಿದುಕೊಳ್ಳುವುದು ಊರಿನವರ ಮನೆಗಳಲ್ಲಿ. ಬೇಸಿಗೆಯಷ್ಟೂ ಒಂದು ಮನೆ ಒಬ್ಬ ಹುಡುಗನಿಗೆ ಊಟ, ಹಾಸಿಗೆ ಕೊಡುತ್ತದೆ. ಆಗಸ್ಟ್ ಮುಗಿಯುವಷ್ಟರಲ್ಲಿ ಅವರು ಹೊರಟುಹೋಗುತ್ತಾರೆ. ಊರು ಮಾತ್ರ ಅವರನ್ನು ತನ್ನ ಹುಡುಗರೆಂದೇ ಕರೆಯುತ್ತದೆ, ಮುಂದೆ ದೊಡ್ಡ ಆಟಗಾರರಾದಾಗ ಟಿ.ವಿ. ಮುಂದೆ ಕೂತು ಹೆಮ್ಮೆಪಡುತ್ತದೆ.

ಇದನ್ನು ಓದಿದಾಗ ನನಗೆ ಒಂಬತ್ತು ದಿನ ನಮ್ಮಲ್ಲಿ ಉಂಡ ಗೆಳೆಯ ನೆನಪಾದ. ಊರಿನವನಾಗುವುದು ಕಾರ್ಡಿನಿಂದಲೋ, ಉಂಡ ಅನ್ನದಿಂದಲೋ? ನಮ್ಮಣ್ಣನ ಕಾರ್ಡಿನಲ್ಲಿ ಊರಿನ ಹೆಸರಿದೆ, ಅವನಿರುವುದು ಬೆಂಗಳೂರಲ್ಲಿ. ಗೆಳೆಯನ ಕಾರ್ಡಿನಲ್ಲಿ ಊರಿಲ್ಲ, ಅಟ್ಟದಲ್ಲಿರುವ ಕಾಯಿಗೆ ಅವನ ಬೆವರು ಬಿದ್ದಿದೆ. ನಾವು ಮಾಡಿದ್ದು ಕೇಪ್ ಕಾಡಿನವರು ಮಾಡಿದ್ದನ್ನೇ ಅಲ್ಲವೇ ಎಂದು ಬಹಳ ಕಾಲ ಸಮಾಧಾನ ಮಾಡಿಕೊಂಡೆ.

ಈ ಸಮಾಧಾನ ಕೆಟ್ಟದ್ದು 2024ರಲ್ಲಿ, ಕೊಬ್ಬರಿ ಕಾರಣಕ್ಕೆ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,000 ರೂಪಾಯಿ. ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ಖರೀದಿಗೆ ಒಂದು ಮಿತಿ ಇತ್ತು. ನೋಂದಣಿ ಶುರುವಾಗಿ ಕೆಲವೇ ದಿನದಲ್ಲಿ ಮಿತಿ ತುಂಬಿತು. ಅಕ್ರಮದ ದೂರು ಬಂದು ಸರ್ಕಾರ ಆ ನೋಂದಣಿ ರದ್ದುಪಡಿಸಿ ಮತ್ತೆ ಹೊಸದಾಗಿ ಮಾಡಿತು. ಒಬ್ಬರ ಪಹಣಿ, ಇನ್ನೊಬ್ಬರ ಕೊಬ್ಬರಿ ಎಂಬ ಮಾತು ನಮ್ಮ ಕಡೆಯ ಟೀ ಅಂಗಡಿಗಳಲ್ಲಿ ಹೊಸತೇನಲ್ಲ. ಪಹಣಿ ಕೊಟ್ಟವನಿಗೆ ಒಂದಿಷ್ಟು ಸಿಗುತ್ತದೆ, ಕೊಬ್ಬರಿ ತಂದವನಿಗೆ ಹೆಚ್ಚು ಸಿಗುತ್ತದೆ, ಕೊಳ್ಳುವ ಸಂಸ್ಥೆಗೆ ಬೇಕಾದ್ದು ಕೊಬ್ಬರಿ, ಅದೂ ಸಿಗುತ್ತದೆ. ಯಾರಿಗೂ ನಷ್ಟವಿಲ್ಲ ಎಂದು ಒಬ್ಬರು ವಾದ ಮಾಡುತ್ತಿದ್ದರು. ಅಲ್ಲೇ ಕೂತಿದ್ದ ಹಿರಿಯರೊಬ್ಬರು ತಲೆಯೆತ್ತದೆ, "ಹಿಂದೆ ಸಾಲಲ್ಲಿ ನಿಂತಿದ್ದೋನಿಗೆ ನಷ್ಟ ಕಣಪ್ಪ" ಎಂದರು.

ನನಗೆ ತಟ್ಟನೆ ಕೆರೆಯಂಗಳ ನೆನಪಾಯಿತು. ನಮ್ಮ ಸಾಲಿನಲ್ಲಿ ಹಿಂದೆ ನಿಂತಿದ್ದವನು ಯಾರು?

ಇದ್ದ, ಒಬ್ಬ. ಕಾಲೋನಿಯ ಹುಡುಗ. ಊರ ಬೀದಿಗೂ ಕಾಲೋನಿಗೂ ನಡುವೆ ಒಂದು ತೋಟ, ಒಂದು ಚಾನೆಲ್ಲು, ಅಷ್ಟೆ. ಅವನ ಆಧಾರ್ ಕಾರ್ಡಿನಲ್ಲಿ ನಮ್ಮೂರ ಹೆಸರೇ ಇತ್ತು. ಆ ಬೇಸಿಗೆ ಪ್ರತಿ ಸಂಜೆ ನಮ್ಮವರಿಗೆಲ್ಲ ಅಭ್ಯಾಸಕ್ಕೆ ಬೌಲ್ ಮಾಡಿದವನು ಅವನೇ. ಗೆಳೆಯ ಬಂದ ಮೇಲೆ ಹನ್ನೊಂದರಲ್ಲಿ ಒಬ್ಬ ಹೊರಗುಳಿಯಬೇಕಾಯಿತು. ಯಾರು ಎಂದು ಚರ್ಚೆಯೇ ಆಗಲಿಲ್ಲ. ಅವನು ತೋಟದೊಳಗೆ ಬಿದ್ದ ಬಾಲು ಹುಡುಕಿ ತಂದುಕೊಡುತ್ತಿದ್ದ. ಗೆಳೆಯ ಮೂವತ್ತು ಕಿಲೋಮೀಟರು ದಾಟಿ ಬಂದು ನಮ್ಮ ನಡುಮನೆಯಲ್ಲಿ ಉಂಡ. ಈ ಹುಡುಗ ಒಂದು ತೋಟ ದಾಟಿ ಬಂದು ಹೊರಗೇ ನಿಂತ. ಕೇಪ್ ಕಾಡಿನ ಹೋಲಿಕೆ ಇಲ್ಲಿಗೆ ಬಿದ್ದುಹೋಗುತ್ತದೆ. ಉಂಡ ಅನ್ನದಿಂದ ಊರಿನವನಾಗುತ್ತಾನೆ ಎನ್ನುವುದಾದರೆ, ಯಾರನ್ನು ಉಣ್ಣಲು ಕರೆದೆವು ಎಂಬ ಪ್ರಶ್ನೆ ಮೊದಲು ಬರುತ್ತದೆ.

ಇನ್ನೊಂದು ಕಡೆಯಿಂದ ನೋಡೋಣ. ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞ 1978ರ 'ದ ಗ್ರಾಸ್‌ಹಾಪರ್' ಪುಸ್ತಕದಲ್ಲಿ, ಅಗತ್ಯವಿಲ್ಲದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ದಾಟುವ ಪ್ರಯತ್ನವೇ ಆಟ ಎಂದು ವಿವರಿಸುತ್ತಾನೆ. 'ಊರಿನವರೇ ಆಡಬೇಕು' ಎಂಬುದೂ ಅಂಥದೊಂದು ಅಡ್ಡಿ. ಇರುವವರಲ್ಲೇ ಹನ್ನೊಂದು ಜನರನ್ನು ಹುಡುಕಿಕೋ ಎಂದು ಅದು ಹೇಳುತ್ತದೆ. ಹುಡುಕಬೇಕಾದರೆ ಊರನ್ನೆಲ್ಲ ನೋಡಬೇಕು. ಊರ ಬೀದಿಯಲ್ಲಿ ಬೌಲರ್ ಇಲ್ಲದಿದ್ದರೆ ತೋಟ ದಾಟಿ ಹೋಗಬೇಕು. ನಿಯಮ ಬರೆದವರಿಗೆ ಈ ಉದ್ದೇಶ ಇತ್ತೆಂದು ನಾನು ಹೇಳುವುದಿಲ್ಲ. ಬಹುಶಃ ದುಡ್ಡಿನ ಟೀಮುಗಳನ್ನು ದೂರವಿಡಲು ಬರೆದರು. ಆದರೆ ಆ ಸಾಲನ್ನು ನಿಷ್ಠೆಯಿಂದ ಪಾಲಿಸಿದ್ದರೆ ಅದು ನಮ್ಮನ್ನು ಕಾಲೋನಿಯವರೆಗೆ ಕರೆದೊಯ್ಯುತ್ತಿತ್ತು. ಸಂಜೆಯ ಅಭ್ಯಾಸಕ್ಕೆ ಕರೆದೊಯ್ದೂ ಇತ್ತು. ನಾವು ಕೊನೆ ಗಳಿಗೆಯಲ್ಲಿ ಅಡ್ಡದಾರಿ ಹಿಡಿದೆವು.

ಹಾಗೆಂದು ಆಧಾರ್ ಕಾರ್ಡಿನ ನಿಯಮವೇ ಸರಿ, ಅತಿಥಿ ಆಟಗಾರನೇ ತಪ್ಪು ಎನ್ನಲಾರೆ. ಆ ದಾರಿಯಲ್ಲಿ ಸ್ವಲ್ಪ ದೂರ ಹೋದರೆ 'ಹೊರಗಿನವರು ಬೇಡ' ಎಂಬ ಕೂಗು ಸಿಗುತ್ತದೆ, ಅದರ ರುಚಿ ನನಗೆ ಹಿಡಿಸುವುದಿಲ್ಲ. ಕೇಪ್ ಕಾಡಿನ ಊರುಗಳಲ್ಲಿ ಹುಡುಗರು ಹೊರಗಿನವರೆಂದು ಎಲ್ಲರಿಗೂ ಗೊತ್ತು. ಪ್ರತಿಯೊಬ್ಬನೂ ತನ್ನ ಹೆಸರಲ್ಲೇ ಆಡುತ್ತಾನೆ, ತನ್ನ ಕಾಲೇಜಿನ ಹೆಸರು ಹೇಳಿಕೊಂಡೇ ಆಡುತ್ತಾನೆ. ನಮ್ಮಲ್ಲಿ ಗೆಳೆಯ ಬೇರೆಯವನ ಹೆಸರಲ್ಲಿ ಆಡಿದ. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಯಾಕೆಂದರೆ ಸುಳ್ಳು ಹೆಸರಿನಿಂದ ನಮಗಾದ ದೊಡ್ಡ ಲಾಭ ಆ 41 ರನ್ನಲ್ಲ. ಅತಿಥಿಯನ್ನು ಅತಿಥಿಯೆಂದೇ ಕರೆತಂದಿದ್ದರೆ, ಅವನಿಗಾಗಿ ಜಾಗ ಬಿಡುವವನು ಯಾರು ಎಂದು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಬಿಡಬೇಕಾದವನ ಮುಖ ನೋಡಿ ಹೇಳಬೇಕಾಗುತ್ತಿತ್ತು. 'ಯಾಕೆ ನಾನೇ?' ಎಂದು ಅವನು ಕೇಳಬಹುದಿತ್ತು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ, ಅಥವಾ ಜೋರಾಗಿ ಹೇಳಲಾಗದ ಉತ್ತರ ಮಾತ್ರ ಇತ್ತು. ನಮ್ಮಣ್ಣನ ಹೆಸರು ಬರೆದಾಗ ಕಾಗದದ ಮೇಲೆ ಹನ್ನೊಂದು ಜನವೂ ಊರಿನವರೇ ಆದರು. ಯಾರೂ ಬಂದಿಲ್ಲ, ಹಾಗಾಗಿ ಯಾರೂ ಹೋಗಿಲ್ಲ. ಅಂಪೈರಿಗೆ ಹೇಳಿದ ಸುಳ್ಳು ನೆಪ ಮಾತ್ರ. ನಾವು ನಿಜವಾಗಿ ತಪ್ಪಿಸಿಕೊಂಡದ್ದು ಆ ಮಾತುಕತೆಯಿಂದ.

ಎದುರಾಳಿಗೆ ಮಾಡಿದ ಮೋಸವನ್ನು ಅವರ ಮೋಸಕ್ಕೆ ವಜಾ ಹಾಕಿಕೊಳ್ಳಬಹುದು. ನಮ್ಮವನಿಗೇ ಮಾಡಿದ್ದನ್ನು ಯಾವುದಕ್ಕೂ ವಜಾ ಹಾಕಲಾಗದು. ಎಲ್ಲರೂ ಮಾಡುತ್ತಾರೆ ಎನ್ನುವ ಮಾತು ಮೊದಲನೆಯದಕ್ಕೆ ಒಂದಿಷ್ಟು ಉತ್ತರವಾದೀತು. ಎರಡನೆಯದಕ್ಕೆ ಅದು ಉತ್ತರವಲ್ಲ, ಬದಲಿಗೆ ಅದನ್ನು ಹೆಚ್ಚಿಸುತ್ತದೆ. ಎದುರು ಟೀಮಿನಲ್ಲಿ ಇಬ್ಬರು ಅತಿಥಿಗಳಿದ್ದರು ಎಂದರೆ, ಅವರ ಊರಿನಲ್ಲೂ ಇಬ್ಬರು ಹೊರಗೆ ನಿಂತಿದ್ದರು ಎಂದೇ ಅರ್ಥ.

ಹೋದ ವರ್ಷ ಊರಿಗೆ ಹೋದಾಗ ಆ ಹುಡುಗ ಸಿಕ್ಕ. ಈಗ ಕಾಯಿ ಸುಲಿಯುವ ತಂಡ ಕಟ್ಟಿಕೊಂಡಿದ್ದಾನೆ. ಮಾತಿಗೆ ಮಾತು ಬಂದು ಆ ಫೈನಲ್ ಎತ್ತಿದೆ. "ಅದಾ? ಗೆದ್ವಲ್ಲಣ್ಣ" ಎಂದ. 'ಗೆದ್ರಲ್ಲ' ಎನ್ನಲಿಲ್ಲ, 'ಗೆದ್ವಲ್ಲ' ಎಂದ. ಕ್ಷಮೆ ಕೇಳಬೇಕೆಂದುಕೊಂಡು ಹೋಗಿದ್ದ ನನಗೆ ಆ ಒಂದು ಅಕ್ಷರದ ಮುಂದೆ ಮಾತೇ ಹೊರಡಲಿಲ್ಲ.

ಸ್ಕೋರ್ ಪುಸ್ತಕ ಇನ್ನೂ ನಮ್ಮ ಅಟ್ಟದಲ್ಲಿದೆ. ತಿದ್ದಬೇಕೆಂದು ತೆರೆದೆ. ನಮ್ಮಣ್ಣನ ಹೆಸರು ಹೊಡೆದು ಗೆಳೆಯನ ಹೆಸರು ಬರೆಯುವುದು ಸುಲಭ. ಆದರೆ ಆಡದೇ ಉಳಿದವನ ಹೆಸರು ಬರೆಯಲು ಆ ಪುಸ್ತಕದಲ್ಲಿ ಮನೆಯೇ ಇಲ್ಲ. ಹಾಗೇ ಮುಚ್ಚಿಟ್ಟೆ.

ಈ ಸಲ ಊರ ಹುಡುಗರು ಕರಪತ್ರ ಬರೆದುಕೊಡು ಎಂದರು. ಕೊನೆಯ ಸಾಲು ಬದಲಿಸಿದೆ: 'ಒಂದು ಟೀಮಿಗೆ ಇಬ್ಬರು ಅತಿಥಿ ಆಟಗಾರರಿಗೆ ಅವಕಾಶವಿದೆ. ಅತಿಥಿಗಳ ಹೆಸರನ್ನೂ ಅವರಿಗಾಗಿ ಜಾಗ ಬಿಟ್ಟವರ ಹೆಸರನ್ನೂ ಟಾಸ್‌ಗೆ ಮೊದಲು ಮೈಕಿನಲ್ಲಿ ಹೇಳತಕ್ಕದ್ದು.' ಓದಿದ ಒಬ್ಬ ಹುಡುಗ ಹುಬ್ಬು ಗಂಟಿಕ್ಕಿ, "ಅಣ್ಣಾ, ಜಾಗ ಬಿಟ್ಟವರ ಹೆಸರು ಯಾಕೆ? ಸುಮ್ನೆ ಜಗಳ ಆಗುತ್ತೆ" ಎಂದ.

ಆಗಲಿ ಎಂದೆ. ಆ ಜಗಳ ಟಾಸ್‌ಗೆ ಮೊದಲೇ ಆಗಬೇಕಾದ್ದು.