ಕಾಣುವವರಿಲ್ಲದೆಡೆಯ ಕಾಯಕ

ಮನುಷ್ಯನ ನಡತೆಗೆ ಬಹುಮಟ್ಟಿಗೆ ಪರರ ಕಣ್ಣೇ ಕಾವಲು. ಬೀದಿಯಲ್ಲಿ ನೆರೆಯವರಿದ್ದಾರೆ, ಅಂಗಡಿಯಲ್ಲಿ ಗಿರಾಕಿಯಿದ್ದಾನೆ, ಮಠದಲ್ಲಿ ಭಕ್ತಸಮೂಹವಿದೆ. ಇವರೆಲ್ಲರೂ ನೋಡುತ್ತಿರುವರೆಂಬ ಎಚ್ಚರದಿಂದಲೇ ಅನೇಕರ ಆಚಾರವು ನೆಟ್ಟಗಿರುತ್ತದೆ. ಈ ಕಾವಲನ್ನು ತೆಗೆದುಬಿಟ್ಟರೆ ಉಳಿಯುವ ಸದಾಚಾರವೆಷ್ಟು? ಯಾರೂ ಕಾಣದೆಡೆಯಲ್ಲಿ ಮಾಡುವ ಕಾಯಕವು ಯಾರಿಗೆ ಸಲ್ಲುತ್ತದೆ? ಶರಣಧರ್ಮವನ್ನು ನಂಬಿದವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಶರಣರಲ್ಲಿ ದೋಣಿಯ ಕಾಯಕದವನೊಬ್ಬನಿದ್ದನು. ಅಂಬಿಗರ ಚೌಡಯ್ಯನು ಹುಟ್ಟುಹಾಕುತ್ತಲೇ ಅನುಭಾವವನ್ನು ನುಡಿದವನು. ತೋರಿಕೆಯ ಭಕ್ತರನ್ನು ಅವನಷ್ಟು ಕಟುವಾಗಿ ಖಂಡಿಸಿದವರು ವಿರಳ. ಆದರೆ ಹೊಳೆಯ ಅಂಬಿಗನಿಗೆ ಆಚೆಯ ದಡವು ಕಾಣುತ್ತದೆ. ದೋಣಿಯಲ್ಲಿ ಕುಳಿತವರು ಅವನ ಕೈಯನ್ನು ನೋಡುತ್ತಿರುತ್ತಾರೆ. ಮಹಾಸಾಗರವನ್ನು ಹಾಯಿದೋಣಿಯಲ್ಲಿ ಒಬ್ಬನೇ ದಾಟುವವನಿಗಾದರೋ ದಡವೂ ಇಲ್ಲ, ನೋಡುವವರೂ ಇಲ್ಲ. ಆದುದರಿಂದ ಮೇಲಿನ ಪ್ರಶ್ನೆಗೆ ಅವನ ದಿನಚರಿಯು ತಕ್ಕ ಒರೆಗಲ್ಲಾಗಿದೆ.

ಆ ದಿನಚರಿಯಲ್ಲಿ ಸಾಹಸಕ್ಕಿಂತ ಸಣ್ಣ ಕೆಲಸಗಳೇ ಹೆಚ್ಚು. ಬೆಳಗಾದೊಡನೆ ಹಗ್ಗಗಳು ಸವೆದಿರುವ ಎಡೆಗಳನ್ನು ಹುಡುಕಬೇಕು. ಹರಿದ ಹಾಯಿಯನ್ನು ಹೊಲಿಯಬೇಕು. ದೋಣಿಯ ತಳದಲ್ಲಿ ಸೇರಿದ ನೀರನ್ನು ಪಂಪಿನಿಂದ ಹೊರಹಾಕಬೇಕು. ಕುಡಿಯುವ ನೀರನ್ನು ಅಳೆದು ಬಳಸಬೇಕು. ಸುತ್ತಲೂ ನೀರೇ ಇದ್ದರೂ ಒಂದು ಬಟ್ಟಲು ಹೆಚ್ಚು ಕುಡಿದರೆ ಅದು ನಾಳಿನ ಬಟ್ಟಲೇ. ಅಂದಂದಿನ ಅಳತೆಗೆ ಮೀರಿ ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಪತಿಯನ್ನು ಕಳುಹಿದ ಆಯ್ದಕ್ಕಿ ಲಕ್ಕಮ್ಮನ ವಿವೇಕವು ಇಲ್ಲಿ ಬದುಕಿನ ನಿಯಮವೇ ಆಗಿಬಿಡುತ್ತದೆ. ರಾತ್ರಿಯಲ್ಲಿ ಅಖಂಡ ನಿದ್ರೆಯೆಂಬುದಿಲ್ಲ. ಗಾಳಿಯ ದಿಕ್ಕು ಬದಲಾದರೆ ಎದ್ದು ಹಾಯಿಯನ್ನು ತಿದ್ದಬೇಕು.

ನಡುಹಗಲಿನ ಕೆಲಸವು ಎಲ್ಲಕ್ಕಿಂತ ಮುಖ್ಯವಾದುದು. ಉಪಗ್ರಹಗಳ ನೆರವಿಲ್ಲದ ಕಾಲದಲ್ಲಿ ನಾವಿಕನು ಸೆಕ್ಸ್‌ಟೆಂಟ್ ಎಂಬ ಉಪಕರಣದಿಂದ ಸೂರ್ಯನ ಎತ್ತರವನ್ನು ಅಳೆದು ಅಕ್ಷಾಂಶವನ್ನೂ, ನಿಖರವಾದ ಗಡಿಯಾರದ ಸಹಾಯದಿಂದ ರೇಖಾಂಶವನ್ನೂ ಗುಣಿಸಿಕೊಳ್ಳುತ್ತಿದ್ದನು. ಭೂಮಿಯು ಗಂಟೆಗೆ 15 ಅಂಶ ತಿರುಗುವುದರಿಂದ, ಗಡಿಯಾರವು 4 ಸೆಕೆಂಡು ತಪ್ಪಿದರೆ ವಿಷುವದ್ರೇಖೆಯ ಬಳಿ ಲೆಕ್ಕವು ಒಂದು ನಾಟಿಕಲ್ ಮೈಲು ತಪ್ಪುತ್ತದೆ. ಹೀಗೆ ಗುಣಿಸಿದ ಸ್ಥಾನವನ್ನು ಅವನು ದಿನವಹಿಯಲ್ಲಿ ಬರೆದಿಡುತ್ತಾನೆ. ಇಲ್ಲೊಂದು ಸೂಕ್ಷ್ಮವುಂಟು. ಸಡಿಲವಾದ ಗಂಟನ್ನು ಕಡಲು ಕ್ಷಮಿಸುವುದಿಲ್ಲ. ಬಿರುಗಾಳಿ ಬಂದೊಡನೆ ಶಿಕ್ಷೆಯಾಗುತ್ತದೆ. ಆದರೆ ದಿನವಹಿಯಲ್ಲಿ ಬರೆದ ಸುಳ್ಳು ಅಂಕಿಗೆ ಕಡಲು ಯಾವ ಶಿಕ್ಷೆಯನ್ನೂ ಕೊಡದು. ಅಲ್ಲಿ ಮನುಷ್ಯನು ಕೇವಲ ತನ್ನೊಡನೆ ಇರುತ್ತಾನೆ.

1968ರಲ್ಲಿ ಇಂಗ್ಲೆಂಡಿನ ಒಂದು ಪತ್ರಿಕೆಯು ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ, ಭೂಮಂಡಲವನ್ನು ಸುತ್ತುವ ಪಂದ್ಯವನ್ನು ಏರ್ಪಡಿಸಿತು. ಹೊರಟವರು ಒಂಬತ್ತು ಜನ. ಮುಗಿಸಿದವರು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ. ಅವರ 32 ಅಡಿಯ ‘ಸುಹೇಲಿ’ಯು ಮುಂಬಯಿಯಲ್ಲಿ ತೇಗದ ಮರದಿಂದ ನಿರ್ಮಿತವಾದ ದೋಣಿ. 1968ರ ಜೂನ್ 14ರಂದು ಹೊರಟು 1969ರ ಏಪ್ರಿಲ್ 22ರಂದು ಅವರು ಮರಳಿದರು. ಹಲಗೆಯ ಸಂದಿನಲ್ಲಿ ನೀರು ಜಿನುಗಿದಾಗ ಶಾರ್ಕ್ ಮೀನುಗಳು ಸುಳಿಯುವ ನೀರಿಗೆ ಧುಮುಕಿ ಹತ್ತಿಯನ್ನು ತುರುಕಿ ಬಿಗಿದರು. ಸಿಹಿನೀರಿನ ತೊಟ್ಟಿಯು ಕೆಟ್ಟಾಗ ಹಾಯಿಯಿಂದಿಳಿದ ಮಳೆನೀರನ್ನು ಹಿಡಿದು ಕುಡಿದರು. ರೇಡಿಯೋ ಕೆಟ್ಟು, ತಿಂಗಳುಗಟ್ಟಲೆ ಅವರು ಬದುಕಿರುವರೋ ಇಲ್ಲವೋ ಎಂಬುದೂ ಲೋಕಕ್ಕೆ ತಿಳಿಯಲಿಲ್ಲ. ಆದರೂ ದಿನದ ಕೆಲಸವು ನಿಲ್ಲಲಿಲ್ಲ.

ಅದೇ ಪಂದ್ಯದಲ್ಲಿ ಡೊನಾಲ್ಡ್ ಕ್ರೋಹರ್ಸ್ಟ್ ಎಂಬವರೂ ಇದ್ದರು. ಮನೆಯನ್ನೂ ಉದ್ಯಮವನ್ನೂ ಪಣಕ್ಕಿಟ್ಟು, ಸಿದ್ಧತೆ ಮುಗಿಯದ ದೋಣಿಯಲ್ಲಿ, ಅವರು 1968ರ ಅಕ್ಟೋಬರ್ 31ರಂದು ಹೊರಟರು. ಮುಂದುವರಿದರೆ ಸಾವು, ಹಿಂದಿರುಗಿದರೆ ಸರ್ವನಾಶ ಎಂಬ ಇಕ್ಕಟ್ಟಿನಲ್ಲಿ ಅವರು ಮೂರನೆಯ ದಾರಿಯೊಂದನ್ನು ಹಿಡಿದರು. ಅಟ್ಲಾಂಟಿಕ್ ಸಾಗರದಲ್ಲಿಯೇ ಸುಳಿದಾಡುತ್ತ, ಬಹುದೂರ ಸಾಗಿರುವುದಾಗಿ ರೇಡಿಯೋದಲ್ಲಿ ಸುಳ್ಳು ವರ್ತಮಾನಗಳನ್ನು ಕಳುಹಿಸಿದರು. ತಾವು ಇಲ್ಲದ ಸ್ಥಳಕ್ಕೆ ಸೂರ್ಯನ ಎತ್ತರವನ್ನು ಹಿಂದುಮುಂದಾಗಿ ಗುಣಿಸಿ ಕಟ್ಟುವುದು, ನಿಜದ ಲೆಕ್ಕಕ್ಕಿಂತ ಬಹಳ ಕಠಿನವಾದುದು. ಅಸತ್ಯಕ್ಕೂ ದುಡಿಮೆಯುಂಟು, ಸತ್ಯಕ್ಕಿಂತ ಹೆಚ್ಚೇ ಉಂಟು. ಆದರೆ ಆ ದುಡಿಮೆಯು ಕಾಯಕವಾಗದು.

ಆ ಸುಳ್ಳು ಅವರೊಬ್ಬರಲ್ಲಿಯೇ ನಿಲ್ಲಲಿಲ್ಲ. ಕ್ರೋಹರ್ಸ್ಟ್ ಹಿಂದಿನಿಂದ ಬರುತ್ತಿರುವರೆಂದು ನಂಬಿದ ನೈಜೆಲ್ ಟೆಟ್ಲಿ ಎಂಬವರು ತಮ್ಮ ಬಳಲಿದ ದೋಣಿಯನ್ನು ವೇಗವಾಗಿ ಓಡಿಸಿದರು. 1969ರ ಮೇ 21ರಂದು ಅದು ಒಡೆದು ಮುಳುಗಿತು. ಅವರ ಪ್ರಾಣವು ಉಳಿಯಿತು. ಇನ್ನು ಊರಿಗೆ ಮರಳಿದರೆ ಕ್ರೋಹರ್ಸ್ಟರಿಗೆ ಗೌರವ ಕಾದಿತ್ತು. ಅದರೊಡನೆ ದಿನವಹಿಗಳ ಪರೀಕ್ಷೆಯೂ ಕಾದಿತ್ತು. ಅವರ ಕೊನೆಯ ಬರಹವು ಜುಲೈ 1ರದು. ಜುಲೈ 10ರಂದು ದೋಣಿಯು ಸಿಕ್ಕಿತು. ಅದರಲ್ಲಿ ಯಾರೂ ಇರಲಿಲ್ಲ. ನಿಜವಾದ ಸ್ಥಾನಗಳ ಲೆಕ್ಕವನ್ನು ಮಾತ್ರ ಅವರು ನಾಶಮಾಡದೆ ಬಿಟ್ಟಿದ್ದರು. ನಾಕ್ಸ್-ಜಾನ್‌ಸ್ಟನ್ನರು ತಮಗೆ ಬಂದ 5,000 ಪೌಂಡುಗಳ ಬಹುಮಾನವನ್ನು ಕ್ರೋಹರ್ಸ್ಟರ ಕುಟುಂಬಕ್ಕೆ ಕೊಟ್ಟರು.

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ಪಂದ್ಯಕ್ಕಾಗಿ ಕಡಲನ್ನು ಸುತ್ತುವುದು ಕಾಯಕವೇ? ಅದರಿಂದ ಯಾರ ಹಸಿವು ತಣಿಯಿತು? ಶಂಕೆಯು ಯುಕ್ತವಾದುದೇ. ದಾಸೋಹದಲ್ಲಿ ಮುಗಿಯದ ಶ್ರಮವನ್ನು ಶರಣರು ಕಾಯಕವೆನ್ನಲಿಲ್ಲ. ಆ ಯಾನವನ್ನು ಕಾಯಕವೆಂದು ಕರೆಯಬೇಕಾಗಿಲ್ಲ. ಆದರೆ ಬಂದ ಫಲವನ್ನು, ತನ್ನೊಡನೆ ಸ್ಪರ್ಧಿಸಿದವನ ಮನೆಯವರಿಗೆ ಅರ್ಪಿಸಿದ ಆ ಗಳಿಗೆಯು ದಾಸೋಹಕ್ಕೆ ದೂರವಾದುದಲ್ಲ.

ಎರಡನೆಯ ಶಂಕೆಯು ಇದಕ್ಕಿಂತ ಆಳವಾದುದು. ಯಾರೂ ಕಾಣದಿದ್ದರೂ ಲಿಂಗವು ಕಾಣುತ್ತದೆಂದು ಭಕ್ತರು ಹೇಳುತ್ತಾರೆ. ಹಾಗಾದರೆ ನೆರೆಯವರ ಕಣ್ಣಿನ ಬದಲಿಗೆ ದೇವರ ಕಣ್ಣನ್ನು ಇಟ್ಟಂತಾಯಿತಷ್ಟೆ, ಭಯವು ಹೋಯಿತೆಲ್ಲಿ? ಭಯದಿಂದ ಮಾಡಿದ ಸತ್ಯವು ಸತ್ಯವೇ? ಇಷ್ಟಲಿಂಗವನ್ನು ಮೇಲೆ ಕುಳಿತ ಕಾವಲುಗಾರನೆಂದು ತಿಳಿದವರಿಗೆ ಈ ಆಕ್ಷೇಪವು ತಗಲುವುದೇ ಸರಿ. ಆದರೆ ಶರಣರು ಲಿಂಗವನ್ನು ಆಕಾಶದಲ್ಲಿಡಲಿಲ್ಲ, ಅಂಗೈಯಲ್ಲಿಟ್ಟರು. ಕರಸ್ಥಲದ ಲಿಂಗವು ತನ್ನ ಅರಿವಿನ ಕುರುಹು. ಅದನ್ನು ನೋಡುವವನು ತನ್ನನ್ನೇ ನೋಡಿಕೊಳ್ಳುತ್ತಾನೆ. ಅಲ್ಲಿ ನೋಡುವವನೂ ನೋಡಿಸಿಕೊಳ್ಳುವವನೂ ಬೇರೆಯಾಗದಿರುವುದರಿಂದ ಭಯಕ್ಕೆ ಎಡೆಯಿಲ್ಲ. ಕಡಲು ಕ್ರೋಹರ್ಸ್ಟರನ್ನು ಶಿಕ್ಷಿಸಲಿಲ್ಲ. ಲೋಕಕ್ಕೆ ಆಗಿನ್ನೂ ಏನೂ ತಿಳಿದಿರಲಿಲ್ಲ. ಲೋಕಕ್ಕೆ ಹೇಳಿದ ತಾನೊಬ್ಬ, ದೋಣಿಯಲ್ಲಿ ಕುಳಿತ ತಾನೊಬ್ಬ ಎಂದು ಇಬ್ಭಾಗವಾದುದೇ ಅವರ ಸಂಕಟ. ಅಂತರಂಗವೂ ಬಹಿರಂಗವೂ ಒಂದಾಗಿರಬೇಕೆಂಬ ಶರಣರ ಬೋಧೆಯು ಕೇವಲ ನೀತಿಯ ಕಟ್ಟಳೆಯಲ್ಲ. ಅದು ಮನುಷ್ಯನು ತನ್ನೊಡನೆ ತಾನು ಬಾಳಲು ಬೇಕಾದ ಮದ್ದು. ಕಾಲು ಜಾರಿದವರನ್ನು ನಿಂದಿಸುವುದು ಸುಲಭ. ಆ ಇಕ್ಕಟ್ಟಿನಲ್ಲಿ ತಾನು ಏನು ಮಾಡುತ್ತಿದ್ದೆನೆಂದು ಕೇಳಿಕೊಳ್ಳುವುದು ಭಕ್ತನಿಗೆ ತಕ್ಕುದು.

ಗೃಹಸ್ಥರಿಗೆ ಕಡಲು ದೂರವಿರಬಹುದು, ದಿನವಹಿಯು ದೂರವಿಲ್ಲ. ತಕ್ಕಡಿ, ಅಂಗಡಿಯ ಖಾತೆ, ದಾಸೋಹದ ಉಗ್ರಾಣದ ಲೆಕ್ಕ, ಹಾಲಿಗೆ ಬೆರೆಸದೆ ಉಳಿಸಿದ ನೀರು, ಇವೆಲ್ಲ ಕಾಣುವವರಿಲ್ಲದ ಕಡಲುಗಳೇ. ಭಾರತದ ನೌಕಾದಳದ ಇಬ್ಬರು ಮಹಿಳಾ ಅಧಿಕಾರಿಗಳು, ದಿಲ್ನಾ ಕೆ. ಮತ್ತು ರೂಪಾ ಎ., ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು ಭೂಮಿಯನ್ನು ಸುತ್ತಿ 2025ರ ಮೇ 29ರಂದು ಮರಳಿದರು. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರ ನಿದ್ರೆಗೆ ಇನ್ನೊಬ್ಬರ ಎಚ್ಚರವೇ ಆಧಾರ. ಮನೆಯೂ ಹಾಗೆಯೇ, ಒಬ್ಬರು ಕಾಣದೆಡೆಯಲ್ಲಿ ಪ್ರಾಮಾಣಿಕರಾಗಿರುವುದರಿಂದಲೇ ಉಳಿದವರು ನೆಮ್ಮದಿಯಿಂದ ನಿದ್ರಿಸುತ್ತಾರೆ.

ನಾವಿಕನು ನಡುಹಗಲಲ್ಲಿ ತಾನಿರುವ ಎಡೆಯನ್ನು ಉಳ್ಳದ್ದು ಉಳ್ಳಂತೆ ಬರೆದುಕೊಳ್ಳುವನು. ಇರಬೇಕೆಂದು ಬಯಸಿದ ಎಡೆಯನ್ನಲ್ಲ. ಭಕ್ತನು ದಿನವೂ ಲಿಂಗಪೂಜೆಗೆ ಕುಳಿತಾಗ ಮಾಡಬೇಕಾದುದೂ ಅಷ್ಟೇ. ಹಿಂದೆ ಬಿದ್ದಿದ್ದರೆ ಹಿಂದೆ ಬಿದ್ದಿರುವೆನೆಂದು ಅರಿತುಕೊಂಡವನಿಗೆ ದಡವು ದೂರವಿದ್ದರೂ ದಾರಿಯು ತಪ್ಪಿರುವುದಿಲ್ಲ.