ಸತ್ಯವ್ರತವೂ ಬಂಧುಗಳ ಪ್ರಶ್ನೆಯೂ

ಅಷ್ಟಮಿಯ ಉಪವಾಸದಲ್ಲಿರುವ ಗೃಹಿಣಿಯೊಬ್ಬಳನ್ನು ಬಸದಿಯ ಅಂಗಳದಲ್ಲಿ ಬಂಧುಗಳು ಕೇಳುತ್ತಾರೆ: "ಇನ್ನೂ ಮಕ್ಕಳೇಕಾಗಲಿಲ್ಲವಮ್ಮಾ? ದೋಷ ಯಾರದು?" ಕಾರಣವು ಪತಿಯ ಅನಾರೋಗ್ಯವಾಗಿದ್ದರೆ ಅವಳು ಏನೆಂದು ಉತ್ತರಿಸಬೇಕು? ಸುಳ್ಳಾಡಿದರೆ ಸತ್ಯಾಣುವ್ರತಕ್ಕೆ ಭಂಗ. ಇದ್ದುದನ್ನು ಹೇಳಿದರೆ ಪತಿಯ ಗುಟ್ಟು ಊರ ಮಾತಾಗುತ್ತದೆ.

ಈ ಸಂಕಟಕ್ಕೆ ಶಾಸ್ತ್ರದಲ್ಲಿ ದಾರಿಯುಂಟು. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಎಣಿಸಿರುವ ಸತ್ಯವ್ರತದ 5 ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೂ ಒಂದು. ಸ್ತ್ರೀಪುರುಷರ ಏಕಾಂತದ ಸಂಗತಿಯನ್ನು ಹೊರಗೆಡಹುವುದೆಂದು ಪೂಜ್ಯಪಾದರು ಅದನ್ನು ವಿವರಿಸಿದ್ದಾರೆ. ಆದುದರಿಂದ ಸತ್ಯವ್ರತವೆಂದರೆ ಅಸತ್ಯವನ್ನು ನುಡಿಯದಿರುವುದೇ ಹೊರತು ಕೇಳಿದವರಿಗೆಲ್ಲ ಎಲ್ಲವನ್ನೂ ಹೇಳಿಬಿಡುವುದಲ್ಲ. "ಅದು ನಮ್ಮಿಬ್ಬರ ವಿಷಯ, ಹೇಳಲಾರೆ, ಕ್ಷಮಿಸಿರಿ" ಎಂಬ ಮಿತನುಡಿ ಸಾಕು. ಭಯದಿಂದ ಸುಳ್ಳು ಹುಟ್ಟುತ್ತದೆ, ಕ್ರೋಧದಿಂದ ಕಟುನುಡಿ ಹುಟ್ಟುತ್ತದೆ. ಇವೆರಡನ್ನೂ ತ್ಯಜಿಸುವುದು ಸತ್ಯವ್ರತದ ಭಾವನೆಗಳಲ್ಲಿಯೇ ಸೇರಿದೆ.

ಅಂಥ ಉತ್ತರದಿಂದ ಸಂಶಯ ಬೆಳೆಯಬಹುದು, ನಿಜ. ಆದರೆ ಆ ಸಂಶಯದ ಹೊಣೆ ಕೇಳಿದವರದು. ಸತ್ಯಾಣುವ್ರತಿಯು ಸ್ಥೂಲ ಅಸತ್ಯವನ್ನು ತಾನೂ ನುಡಿಯನು, ಪರರಿಂದಲೂ ನುಡಿಸನು ಎಂಬುದು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಹೇಳಿದ ಲಕ್ಷಣ. ಕೆದಕಿ ಕೆದಕಿ ಕೇಳುತ್ತ, ಸುಳ್ಳಲ್ಲದೆ ಬೇರೆ ಆಸರೆಯಿಲ್ಲದ ಸ್ಥಿತಿಗೆ ಒಬ್ಬಳನ್ನು ನೂಕುವವರು "ನುಡಿಸನು" ಎಂಬ ಮಾತನ್ನು ನೆನೆಯಬೇಕು. ಪ್ರೀತಿಯಿಂದಲೇ ಕೇಳಿದೆವೆನ್ನುವವರು ಒಮ್ಮೆ ಕೇಳಿ ಸುಮ್ಮನಾಗಲಿ. ಅವಳಿಗೆ ಹೇಳಬೇಕೆನಿಸಿದ ದಿನ ಅವಳೇ ಬಂದು ಹೇಳುವಳು.

ಅಷ್ಟಮಿಯಂದು ಆಹಾರವನ್ನು ತ್ಯಜಿಸಿದವರು ಪರರ ಗುಟ್ಟಿನ ಹಸಿವನ್ನೂ ತ್ಯಜಿಸಿದರೆ ಉಪವಾಸವು ಸಾರ್ಥಕವಾದೀತು.